ಮಂಟಪದ ಬಣ್ಣಕ್ಕೆ ಸೀರೆಯೇ ಅಳತೆಗೋಲು

ಮಾನ್ಯರೇ,

ಮದುವೆಗೊಂದು ‘ಥೀಮ್’ ಬೇಕೆಂಬ ಆಸೆ ಮೈಸೂರಿನ ದೊಡ್ಡ ಕಲ್ಯಾಣ ಮಂಟಪಗಳಿಂದ ಮಂಡ್ಯ ಕಡೆಯ ಹಳ್ಳಿಗಳ ಸಮುದಾಯ ಭವನಗಳವರೆಗೂ ಹಬ್ಬಿದೆ. ತಪ್ಪೇನಿಲ್ಲ. ಆದರೆ ಫೋನಿನಲ್ಲಿ ಕಂಡ ಚಿತ್ರ ತೋರಿಸಿ ‘ಹೀಗೇ ಮಾಡಿಕೊಡಿ’ ಎಂದಲ್ಲೇ ಕೆಲಸ ಕೆಡುತ್ತದೆ. ಆ ಚಿತ್ರದಲ್ಲಿ ನಿಮ್ಮ ಛತ್ರದ ಗೋಡೆಯಿಲ್ಲ, ನಿಮ್ಮ ಮನೆಯ ಹುಡುಗಿಯ ಸೀರೆಯೂ ಇಲ್ಲ.

ಶುರು ಮಾಡಬೇಕಾದ್ದು ಸೀರೆಯಿಂದ. ರವಿಕೆ ಬಟ್ಟೆಯಲ್ಲಿ ಉಳಿಯುವ ಎರಡು ಬೆರಳಗಲದ ಚೂರುಗಳನ್ನು ಅಲಂಕಾರದವರಿಗೂ ಲಗ್ನಪತ್ರಿಕೆ ಅಚ್ಚು ಹಾಕುವವರಿಗೂ ಕೊಡಿ. ವಾಟ್ಸ್‌ಆ್ಯಪ್ ಫೋಟೊ ನಂಬಬೇಡಿ. ಒಂದೇ ಮರೂನ್ ಒಂದು ಫೋನಿನಲ್ಲಿ ಕೆಂಪು, ಇನ್ನೊಂದರಲ್ಲಿ ಕಂದು. ಅದೇ ಚೂರನ್ನು ಸಂಜೆ ಛತ್ರಕ್ಕೆ ಒಯ್ದು, ಎಲ್ಲ ದೀಪ ಹಾಕಿಸಿ, ವೇದಿಕೆಯ ಗೋಡೆಗೆ ಹಿಡಿದು ನೋಡಿ.

ಸೀರೆಯ ಬಣ್ಣವನ್ನೇ ಹಿಂದಿನ ಪರದೆಗೂ ಹಾಕಿಸುವವರು ಬಹಳ. ಮರೂನ್ ಪರದೆಯ ಮುಂದೆ ಮರೂನ್ ಸೀರೆ ಕರಗಿಹೋಗಿ ಫೋಟೊದಲ್ಲಿ ಮುಖವೊಂದೇ ತೇಲುತ್ತದೆ. ಪರದೆ ಕೆನೆಬಣ್ಣದ್ದಿರಲಿ, ಸೀರೆಯ ಅಂಚಿನ ಬಣ್ಣ ಕಂಬಕ್ಕೂ ಕುರ್ಚಿಯ ಪಟ್ಟಿಗೂ ಬರಲಿ. ಧಾರೆಗೆ ಬಿಳಿ ಸೀರೆ ಉಡುವ ಮನೆತನವಾದರೆ ಕೆನೆಯೂ ಬೇಡ, ತೆಂಗಿನ ಗರಿ, ಬಾಳೆ ಎಲೆಯ ಹಸಿರೇ ಚೆಂದ. ಒಟ್ಟು ಹತ್ತು ಪಾಲಿನಲ್ಲಿ ಆರು ಪಾಲು ಹಿನ್ನೆಲೆ, ಮೂರು ಪಾಲು ಹೂವು, ಒಂದೇ ಪಾಲು ಚಿನ್ನದ ಬಣ್ಣ. ಒಡವೆ, ಜರಿ ಹೇಗೂ ಇರುತ್ತವಲ್ಲ.

ಹೂವಿನ ಲೆಕ್ಕ ಅಡಿಯಲ್ಲೇ ಆಗಲಿ. ಮಾರು ಎಂದರೆ ಅಳೆಯುವವರು ಎರಡೂ ತೋಳು ಚಾಚಿದಷ್ಟು ಉದ್ದ, ಅದು ಅಂಗಡಿಗೊಂದು. 20 ಅಡಿ ಅಗಲ, 10 ಅಡಿ ಎತ್ತರದ ವೇದಿಕೆಗೆ ಅರ್ಧ ಅಡಿಗೊಂದು ಮಾಲೆ ಇಳಿಬಿಟ್ಟರೆ 41 ಮಾಲೆ, ಅಂದರೆ 410 ಅಡಿ. ಅಡಿಗೊಂದರಂತೆ ಬಿಟ್ಟರೆ 21 ಮಾಲೆ ಸಾಕು, ಆದರೆ ಸಂದಿಯಲ್ಲಿ ಗೋಡೆ ಇಣುಕದಂತೆ ಹಿಂದೆ ಬಟ್ಟೆ ಬೇಕೇ ಬೇಕು. ನಮ್ಮಲ್ಲಿ ಆರತಕ್ಷತೆ ಹಿಂದಿನ ಸಂಜೆ, ಧಾರೆ ಬೆಳಿಗ್ಗೆ. ಸಂಜೆ ಕಟ್ಟಿದ ಮಲ್ಲಿಗೆ ರಾತ್ರಿಯೇ ಅರಳಿ, ಮುಹೂರ್ತದ ಹೊತ್ತಿಗೆ ಕಂದಿರುತ್ತದೆ. ಸಂಜೆಗೆ ಚೆಂಡುಹೂವು, ಸೇವಂತಿಗೆ ಕಟ್ಟಿ. ಮಲ್ಲಿಗೆಯನ್ನು ಬೆಳಗಿನ ಜಾವ ಸೇರಿಸಿ. ಚಳಿಗಾಲದಲ್ಲಿ ಮೈಸೂರು ಮಲ್ಲಿಗೆ ಅಪರೂಪ, ದುಬಾರಿ. ಆಗ ಕಾಕಡವೂ ಆದೀತು. ಮಾವಿನ ತೋರಣದ ಪಕ್ಕ ಪ್ಲಾಸ್ಟಿಕ್ ಎಲೆ ಮಾತ್ರ ಬೇಡ. ನಿಜದ ಎಲೆಯ ಹಸಿರಿನಲ್ಲಿ ಹಳದಿ ಇರುತ್ತದೆ, ಅಗ್ಗದ ಪ್ಲಾಸ್ಟಿಕ್ ನೀಲಿಗೆ ವಾಲುತ್ತದೆ, ಫ್ಲ್ಯಾಶ್ ಬಿದ್ದರೆ ಮಿಂಚಿಬಿಡುತ್ತದೆ.

ಎಲ್ಲಕ್ಕಿಂತ ಹೆಚ್ಚು ಹಾಳು ಮಾಡುವುದು ಬೆಳಕು. ಬೆಳಕಿನ ಬಣ್ಣ ಅಳೆಯುವ ಮಾನ ಕೆಲ್ವಿನ್; ಛತ್ರದ ಟ್ಯೂಬ್‌ಲೈಟ್ ಸಾಮಾನ್ಯವಾಗಿ 6500 ಕೆಲ್ವಿನ್, ನೀಲಿ ಬಿಳಿ. ಅಲಂಕಾರದವರು ತರುವ ಹಳದಿ ಬಲ್ಬು 3000. ಕ್ಯಾಮೆರಾ ಒಂದು ಹೊತ್ತಿಗೆ ಒಂದಕ್ಕೇ ಹೊಂದಿಕೊಳ್ಳಬಲ್ಲದು, ಹಾಗಾಗಿ ಮದುಮಗಳ ಒಂದು ಕೆನ್ನೆ ಹಳದಿ, ಇನ್ನೊಂದು ನೀಲಿ. ವೇದಿಕೆಯ ಹತ್ತಿರದ ಟ್ಯೂಬ್‌ಗಳನ್ನು ಆರಿಸಿ, ಮುಖದ ಮೇಲೆ ಒಂದೇ ಬಗೆಯ ಬೆಳಕು ಬೀಳಿಸಿ. ನೇರಳೆ, ಗುಲಾಬಿ ಪಾರ್ ಲೈಟ್‌ಗಳು (ವೇದಿಕೆಗೆ ಬಣ್ಣದ ಬೆಳಕು ಚೆಲ್ಲುವ ದೀಪಗಳು) ಗೋಡೆಯತ್ತ ಮಾತ್ರ ತಿರುಗಿರಲಿ. ಅರಿಶಿನದ ಮುಖಕ್ಕೆ ನೇರಳೆ ಬಿದ್ದರೆ ಜ್ವರ ಬಂದವರ ಹಾಗೆ ಕಾಣುತ್ತದೆ. ಎಲ್‌ಇಡಿ ಪರದೆ ಇಡುವುದೇ ಆದರೆ ಹೊಳಪು ತಗ್ಗಿಸಿ, ಇಲ್ಲವಾದರೆ ಕ್ಯಾಮೆರಾ ಆ ಬೆಳಕಿಗೆ ಹೊಂದಿಕೊಂಡು ಮುಂದೆ ನಿಂತವರನ್ನು ಕಪ್ಪಾಗಿಸುತ್ತದೆ.

ಲಗ್ನಪತ್ರಿಕೆಯ ಕುರಿತು ಎರಡು ಮಾತು. ಸಾಮಾನ್ಯ ನಾಲ್ಕು ಬಣ್ಣದ ಮುದ್ರಣದಲ್ಲಿ ಚಿನ್ನ ಸಾಸಿವೆ ಬಣ್ಣಕ್ಕೆ ಇಳಿಯುತ್ತದೆ. ಹೊಳೆಯಬೇಕಾದರೆ ಫಾಯಿಲ್, ಅಂದರೆ ಮಿರುಗುವ ತೆಳು ಹಾಳೆಯ ಅಚ್ಚು, ಹಾಕಿಸಬೇಕು. ಕಡುನೀಲಿ, ಕಪ್ಪು ಕಾರ್ಡ್ ಈಗಿನ ಶೋಕಿ, ಆದರೆ ಹಿರಿಯರು ನಾಲ್ಕು ಮೂಲೆಗೆ ಹಚ್ಚುವ ಅರಿಶಿನ ಅದರ ಮೇಲೆ ಕೊಳೆಯಂತೆ ಕಂಡೀತು.

ಛತ್ರಗಳ ಮಾಲೀಕರಲ್ಲೂ ಒಂದು ಕೋರಿಕೆ. ಮುಂಗಡದ ರಸೀದಿಯ ಹಿಂದೆ ವೇದಿಕೆಯ ಅಗಲ, ಎತ್ತರ ಅಚ್ಚು ಹಾಕಿಸಿ. ವೇದಿಕೆ ಬಳಿಯ ಟ್ಯೂಬ್‌ಲೈಟ್‌ಗಳಿಗೆ ಬೇರೆ ಸ್ವಿಚ್ ಕೊಡಿಸಿ. ಈಗ ಹಲವೆಡೆ ಒಂದು ಗುಂಡಿ ಒತ್ತಿದರೆ ಊಟದ ಮನೆಯೂ ಕತ್ತಲಾಗುತ್ತದೆ.

– ಮದುವೆ ಅಲಂಕಾರ ಕೆಲಸಗಾರರು, ಮೈಸೂರು