ರವಿವಾರದ ಶುಲ್ಕ ಯಾಕೆ ಏರಿತು, ಬುಧವಾರ ಬಾಗಿಲು ಯಾಕೆ ಮುಚ್ಚುತ್ತೇವೆ

ಪಾಲಕರಿಗೆ, ಶಾಲೆಯ ಗುರುಗಳಿಗೆ, ಅಕ್ಕೋರಿಗೆ, ವರ್ಷದ ಕಾರ್ಡ್ ಮಾಡಿಸಿಕೊಂಡ ಎಲ್ಲರಿಗೂ ನಮಸ್ಕಾರ.

ಮೊದಲು ಕ್ಷಮೆ ಕೇಳುತ್ತೇವೆ. ಹೋದ ರವಿವಾರ ನಮ್ಮ ವಿಜ್ಞಾನ ಮ್ಯೂಸಿಯಂ ಗೇಟಿಗೆ ಒಂದು ಹಾಳೆ ಅಂಟಿಸಿದ್ದೆವು. ಆಗಸ್ಟ್ 1ರಿಂದ, ಮಕ್ಕಳು ರವಿವಾರ ಕೈಯಾರೆ ಪ್ರಯೋಗ ಮಾಡುವ ಚಟುವಟಿಕೆ ಕೋಣೆಗೆ 30ರ ಬದಲು 60 ರೂಪಾಯಿ, ಒಂದು ಸರತಿಗೆ 20 ಮಕ್ಕಳು ಮಾತ್ರ, ಬುಧವಾರ ರಜೆ. ಇಷ್ಟೇ ಬರೆದಿದ್ದೆವು, ಕಾರಣ ಬರೆದಿರಲಿಲ್ಲ. ಹುಬ್ಬಳ್ಳಿಯಿಂದ ಚಿಗರಿ ಬಸ್ ಹತ್ತಿ ಇಬ್ಬರು ಮಕ್ಕಳನ್ನು ಕರಕೊಂಡು ಧಾರವಾಡಕ್ಕೆ ಬಂದ ಒಬ್ಬ ತಾಯಿ ಆ ಹಾಳೆಯನ್ನು ಎರಡು ಸಲ ಓದಿದರು. "ಒಂದ್ ಮಾತ ಮೊದಲ ಹೇಳಬೇಕಿತ್ರಿ" ಅಂದು ಒಳಗೆ ಹೋದರು. ಅವರ ಮಾತು ಖರೆ. ಇಷ್ಟು ವರ್ಷ ನಮ್ಮ ಜೊತೆ ಇದ್ದವರಿಗೆ ಹಾಳೆ ಅಂಟಿಸಿ ಸುಮ್ನೆ ಕೂತದ್ದು ತಪ್ಪು. ಅದಕ್ಕೇ ಈ ಪತ್ರ, ಸ್ವಲ್ಪ ಉದ್ದವಾಗಿದೆ, ಪೂರ್ತಿ ಓದಿ.

ಇನ್ನು ಖರ್ಚಿನ ವಿಷಯ. "ಇದರಾಗೇನ್ ಖರ್ಚ್ ಐತ್ರಿ, ನಾಲ್ಕು ವೈರು, ಎರಡು ಸೆಲ್ಲು" ಅಂತ ಯಾರಾದರೂ ಹೇಳಿದಾಗ ನಮಗೆ ನೋವಾಗುತ್ತದೆ. ಒಂದು ಮಗು ಒಂದೂವರೆ ತಾಸು ಕೋಣೆಯಲ್ಲಿದ್ದರೆ ಸಾಮಾನಿಗೇ ಸುಮಾರು 38 ರೂಪಾಯಿ ಬೀಳುತ್ತದೆ. ಸೆಲ್, ಎಲ್‌ಇಡಿ, ತಾಮ್ರದ ತಂತಿ, ಬೆಂಡು, ಅಂಟು, ಕನ್ನಡಿ ಚೂರು, ಸಾಬೂನಿನ ಗುಳ್ಳೆಗೆ ಗ್ಲಿಸರಿನ್. ಕಲಿಸುವವರ ಕೂಲಿ, ಕೋಣೆ ಬಾಡಿಗೆ, ಕರೆಂಟ್ ಬಿಲ್ ಇದರಲ್ಲಿ ಸೇರಿಲ್ಲ. ಅಂದರೆ 30 ರೂಪಾಯಿ ಇಸಿದುಕೊಂಡಾಗಲೆಲ್ಲ ನಾವು ಕೈಯಿಂದ ಎಂಟು ರೂಪಾಯಿ ಹಾಕುತ್ತಿದ್ದೆವು. ಮಕ್ಕಳು ಜಾಸ್ತಿ ಬಂದ ವಾರ ನಷ್ಟವೂ ಜಾಸ್ತಿ. "ಗದ್ದಲ ಭಾಳ ಇತ್ತು, ಚಲೋ ದುಡಿದಿರಬೇಕು" ಅಂತ ಅದೇ ವಾರ ಜನ ಹೇಳುತ್ತಿದ್ದರು. ಹೇಗನ್ನಿಸಬೇಡ ಹೇಳಿ.

ಸೆಲ್, ತಂತಿ ಹೇಗೋ ಹೊಂದಿಸಬಹುದು. ನಿಜವಾದ ಭಾರ ಇರುವುದು ರಿಪೇರಿಯಲ್ಲಿ. ಬಾಗಿಲ ಹತ್ತಿರದ ಡೈನಮೊ, ಹಿಡಿ ತಿರುಗಿಸಿದರೆ ಕರೆಂಟ್ ಹುಟ್ಟಿಸುವ ಯಂತ್ರ, ನಿಮಗೆಲ್ಲ ಗೊತ್ತು. ಮೊದಲು ಅದಕ್ಕೆ ಪ್ಲಾಸ್ಟಿಕ್ ಹಿಡಿ ಇತ್ತು, ಎರಡು ಸಲ ಮುರಿಯಿತು. ಆಮೇಲೆ ನಮ್ಮ ಬಡಗಿ ಕೆಲಸದ ಸದಸ್ಯರು ಜಾಲಿ ಕಟ್ಟಿಗೆಯಲ್ಲಿ ಒಂದು ಹಿಡಿ ಮಾಡಿಕೊಟ್ಟರು. ಈಗ ಅದು ಮಕ್ಕಳ ಕೈ ಎಣ್ಣೆ, ಬೆವರು ಕುಡಿದು ಕಪ್ಪಗೆ, ನುಣ್ಣಗೆ ಆಗಿದೆ. ಹಿಡಿ ಗಟ್ಟಿ ಇದೆ, ಬೆಲ್ಟ್ ಮಾತ್ರ ತಾಳುವುದಿಲ್ಲ. ಹೊಲಿಗೆ ಮಷಿನ್ನಿನ ಚರ್ಮದ ಬೆಲ್ಟನ್ನೇ ಅಳತೆಗೆ ಕತ್ತರಿಸಿ ಹಾಕುತ್ತೇವೆ. ಮಕ್ಕಳು ಒಂದು ಸಲ ಮುಂದಕ್ಕೆ, ಒಂದು ಸಲ ಹಿಂದಕ್ಕೆ ಜೋರಾಗಿ ತಿರುಗಿಸಿದರೆ ಮೂರು ವಾರಕ್ಕೆ ಕಿತ್ತು ಬರುತ್ತದೆ. ಬೇರಿಂಗ್ ವರ್ಷಕ್ಕೆ ಎರಡು ಸಲ ಹೋಗುತ್ತದೆ.

"ಹಂಗಾದ್ರ ಅದಕ್ಕೊಂದು ಗ್ಲಾಸ್ ಪೆಟಗಿ ಮಾಡಸ್ರಿ, ಒಂದು ಬಟನ್ ಇಡ್ರಿ, ಒತ್ತಿದ್ರ ತಾನ ತಿರುಗಲಿ" ಅಂತ ಬಹಳ ಜನ ಸಲಹೆ ಕೊಟ್ಟಿದ್ದಾರೆ. ಕಾಳಜಿಯಿಂದಲೇ ಹೇಳಿದ್ದಾರೆ, ಗೊತ್ತು. ಆದರೆ ಅದನ್ನು ನಾವು ಮಾಡುವುದಿಲ್ಲ. ನೀವೇ ಒಮ್ಮೆ ಹಿಡಿ ತಿರುಗಿಸಿ ನೋಡಿ. ಸ್ವಿಚ್ ಆಫ್ ಇದ್ದಾಗ ಹಗುರ ತಿರುಗುತ್ತದೆ. ಹಳೇ ಕಾಲದ ತಂತಿ ಬಲ್ಬಿನ ಸ್ವಿಚ್ ಹಾಕಿದ ಕೂಡಲೇ ಯಾರೋ ಹಿಂದಿನಿಂದ ಹಿಡಿದು ಜಗ್ಗಿದ ಹಾಗೆ ಕೈ ಭಾರ ಆಗುತ್ತದೆ. ಬಲ್ಬ್ ತೆಗೆದು ಎಲ್‌ಇಡಿ ಹಾಕಿದರೆ ಮತ್ತೆ ಹಗುರ. ಬೆಳಕಿಗೆ ಬೇಕಾದ ಶಕ್ತಿ ನಮ್ಮ ರಟ್ಟೆಯಿಂದಲೇ ಹೋಗುತ್ತಿದೆ, ಎಲ್‌ಇಡಿಗೆ ಕಡಿಮೆ ಸಾಕು ಅನ್ನುವುದು ಆ ಒಂದು ಕ್ಷಣದಲ್ಲಿ ಐದನೇ ಇಯತ್ತೆಯ ಮಗುವಿನ ಕೈಗೆ ಗೊತ್ತಾಗುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರೆ ಬಲ್ಬ್ ಹತ್ತುವುದು ಕಾಣುತ್ತದೆ. ಬಲ್ಬ್ ಹತ್ತುವುದನ್ನು ಮಕ್ಕಳು ಮನೆಯಲ್ಲೇ ದಿನಾ ನೋಡುತ್ತಾರೆ, ಅಲ್ವಾ? ಮುಟ್ಟಿದ್ದು ಮುರಿಯುತ್ತದೆ, ಮುರಿದದ್ದನ್ನು ಮತ್ತೆ ಕಟ್ಟುತ್ತೇವೆ. ಅದಕ್ಕೆ ಬೀಳುವ ಖರ್ಚೇ ನಮ್ಮ ದೊಡ್ಡ ಖರ್ಚು. ಅದನ್ನು ಉಳಿಸಲು ಹೋದರೆ ಈ ಮ್ಯೂಸಿಯಂ ಇಟ್ಟುಕೊಂಡು ಮಾಡುವುದೇನು?

ಬುಧವಾರ ರಜೆ ಮಾಡಿದ್ದೂ ಇದಕ್ಕೇ. ಇಷ್ಟು ದಿನ ರಾತ್ರಿ ಬಾಗಿಲು ಹಾಕಿದ ಮೇಲೆ ರಿಪೇರಿ ಮಾಡುತ್ತಿದ್ದೆವು. ಮ್ಯೂಸಿಯಂ ನೋಡಿಕೊಳ್ಳುವ ನಮ್ಮ ಏಳು ಜನರಲ್ಲಿ ಮೂವರಿಗೆ ವಯಸ್ಸಾಗಿದೆ, ರಾತ್ರಿ ಸಣ್ಣ ಸ್ಕ್ರೂ ಕಾಣುವುದಿಲ್ಲ. "ಯಾವಾಗ ಬಂದ್ರೂ ಎರಡು ಮೂರು ಕೆಟ್ಟಿರತಾವು" ಅಂತ ನೀವು ಬೈದದ್ದು ಸರಿಯೇ ಇತ್ತು. ಇನ್ನು ಮುಂದೆ ಬುಧವಾರ ಹಗಲಲ್ಲಿ ರಿಪೇರಿ. ಸಂಜೆ 4ರಿಂದ 5ರವರೆಗೆ ಮಾತ್ರ ಬಾಗಿಲು ತೆಗೆದಿರುತ್ತದೆ, ಬಂದು ಕೆಲಸದ ಮೇಜಿನ ಸುತ್ತ ನಿಂತು ನೋಡಬಹುದು, ದುಡ್ಡಿಲ್ಲ. 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಫ್ರಾಂಕ್ ಓಪನ್‌ಹೈಮರ್ ಎಕ್ಸ್‌ಪ್ಲೊರಟೋರಿಯಂ ಶುರು ಮಾಡಿದಾಗ ಉಪಕರಣ ಕಟ್ಟುವ ವರ್ಕ್‌ಶಾಪನ್ನು ಬಂದ ಜನರ ಕಣ್ಣಿಗೆ ಬೀಳುವ ಹಾಗೆ ಇಟ್ಟಿದ್ದರು. ಅಷ್ಟು ದೊಡ್ಡವರು ಮುಚ್ಚಿಡದ ಕೆಲಸವನ್ನು ನಾವು ಯಾಕೆ ರಾತ್ರಿ ಕದ್ದು ಮಾಡಬೇಕು ಅನ್ನಿಸಿತು. ಬಿಚ್ಚಿಟ್ಟ ಡೈನಮೊದ ಸುರುಳಿ, ಅಯಸ್ಕಾಂತ ನೋಡಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ.

20 ಮಕ್ಕಳ ಮಿತಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೋದ ತಿಂಗಳು ಒಂದು ಶಾಲೆಯವರು 40 ಮಕ್ಕಳು ಅಂತ ಹೇಳಿ 110 ಮಕ್ಕಳನ್ನು ಕರಕೊಂಡು ಬಂದರು. ಆ ದಿನ ಒಬ್ಬ ಹುಡುಗನ ಬೆರಳು ಗಿಯರಿಗೆ ಸಿಕ್ಕಿತು. ದೊಡ್ಡ ಪೆಟ್ಟಾಗಲಿಲ್ಲ, ಆದರೆ ನಮಗೆ ಎರಡು ದಿನ ನಿದ್ದೆ ಬರಲಿಲ್ಲ. ಹೆಸರು ಬರೆಸಿ ಬನ್ನಿ, ಹಿಂದಿನ ದಿನ ಫೋನ್ ಮಾಡಿದರೂ ಸಾಕು.

ಈಗ ನಾವು ಎಲ್ಲಕ್ಕಿಂತ ಜಾಸ್ತಿ ಸಲ ಕೇಳಿದ ಮಾತಿಗೆ ಬರುತ್ತೇವೆ. "ನಮ್ಮ ಮಕ್ಕಳ ಕಡೆ ರೊಕ್ಕ ಇಸ್ಕೊಂಡು ಹಳ್ಳಿ ಸಾಲಿಗೆ ಪುಕ್ಕಟೆ ತೋರಸ್ತೀರಿ, ಇದ್ಯಾವ ನ್ಯಾಯ?" ಕೌಂಟರಿನಲ್ಲಿ ಕೇಳಿದ್ದಾರೆ, ಫೋನಿನಲ್ಲಿ ಕೇಳಿದ್ದಾರೆ, ಒಬ್ಬರು ಮದುವೆ ಮನೆಯಲ್ಲಿ ಊಟದ ಪಂಕ್ತಿಯಲ್ಲಿ ಕೂತು ಕೇಳಿದರು.

ಮೊದಲು ಲೆಕ್ಕ. ರವಿವಾರದ ಶುಲ್ಕದ ಒಂದು ರೂಪಾಯಿಯೂ ಹಳ್ಳಿಗೆ ಹೋಗುವುದಿಲ್ಲ. ತಿಂಗಳಿಗೆ ಎರಡು ಸಲ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆಯ ಸರಕಾರಿ ಶಾಲೆಗಳಿಗೆ ಹೋಗುತ್ತೇವೆ. ಟಾಟಾ ಏಸ್ ಬಾಡಿಗೆ, ಸಾಮಾನು, ಊಟ ಎಲ್ಲದಕ್ಕೂ ಖಾಸಗಿ ಶಾಲೆಗಳಿಗೆ ನಾವು ಮಾಡಿ ಮಾರುವ ಪ್ರಯೋಗದ ಪೆಟ್ಟಿಗೆಗಳ ಗಳಿಕೆ ಹೋಗುತ್ತದೆ. ಅದರ ವಹಿ ಬೇರೆ ಇದೆ, ಕೌಂಟರಿನಲ್ಲೇ ಇರುತ್ತದೆ, ಕೇಳಿ ಇಸಿದುಕೊಂಡು ನೋಡಿ. ಇದನ್ನು ಹೇಳಲೇಬೇಕಾಗಿ ಬಂದದ್ದಕ್ಕೆ ಬೇಜಾರಿದೆ. ಆದರೂ ಹೇಳಿಬಿಟ್ಟರೆ ಒಳ್ಳೆಯದು.

ಲೆಕ್ಕಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಹಳ್ಳಿಗೆ ನಾವು ಬರೀ ಕೊಡಲು ಹೋಗುವುದಿಲ್ಲ. ಕೋಣೆಯಲ್ಲಿ ನಿಮ್ಮ ಮಕ್ಕಳು ಬಿಡದೆ ಕೇಳುವ "ಉಬ್ಬುವ ಮಣ್ಣು" ಎಲ್ಲಿಂದ ಬಂತು ಗೊತ್ತೇ? ನವಲಗುಂದ ತಾಲೂಕಿನ ಒಂದು ಶಾಲೆಗೆ ಹೋಗಿದ್ದೆವು. ಮಣ್ಣು, ನೀರು ಬಾಟಲಿಗೆ ಹಾಕಿ ಕಲಕಿ, ಮರಳು ಮೊದಲು ಕೂರುತ್ತದೆ, ಜೇಡಿ ಕೊನೆಗೆ ಕೂರುತ್ತದೆ ಅಂತ ತೋರಿಸುವ ಹಳೇ ಪ್ರಯೋಗ ಮಾಡಿಸುತ್ತಿದ್ದೆವು. ಮಕ್ಕಳು ತಮ್ಮ ಹೊಲದ ಎರೆ ಮಣ್ಣು ತಂದಿದ್ದರು. ತಾಸು ಬಿಟ್ಟು ಬಂದು ನೋಡಿದರೆ ಬಾಟಲಿಯಲ್ಲಿ ಮಣ್ಣು ಮೊದಲು ಮಾಡಿದ್ದ ಗುರುತಿಗಿಂತ ಮೇಲೆ ಬಂದಿತ್ತು. ಏಳನೇ ಇಯತ್ತೆಯ ಒಬ್ಬ ಹುಡುಗಿ ಬಾಟಲಿ ಹಿಡಿದು ನಿಂತು ಕೇಳಿದಳು: "ಸರ್, ನಮ್ಮ ಮನಿ ಗ್ವಾಡಿ ಬಿರುಕ ಬಿಟ್ಟದ್ದು ಇದಕ್ಕೇನ್ರಿ?"

ಹೌದು, ಇದಕ್ಕೇ. ಎರೆ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗಿ ಬಾಯಿ ಬಿಡುತ್ತದೆ. ಪಾಯ ಗಟ್ಟಿ ಇಲ್ಲದ ಮನೆಯ ಗೋಡೆ ಅದರ ಜೊತೆ ಏಳುತ್ತದೆ, ಇಳಿಯುತ್ತದೆ. ಸಿವಿಲ್ ಎಂಜಿನಿಯರುಗಳು ಇದನ್ನೇ ಅಳೆಯುತ್ತಾರೆ. 10 ಗ್ರಾಂ ಒಣ ಮಣ್ಣನ್ನು 100 ಮಿಲಿಯ ಎರಡು ಅಳತೆ ಜಾಡಿಗೆ ಒಂದೊಂದರಲ್ಲಿ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, 24 ತಾಸು ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ, ಎರಡರ ಅಂತರ ನೋಡುತ್ತಾರೆ. ಆ ಹುಡುಗಿ ಪುಸ್ತಕ ನೋಡದೆ ಅದೇ ಪ್ರಶ್ನೆಗೆ ಬಂದಿದ್ದಳು. ನಾವು ಆ ಊರಿನ ಮಣ್ಣು ಒಂದು ಚೀಲ ತಂದೆವು, ಕಲಘಟಗಿ ಕಡೆಯ ಕೆಂಪು ಮಣ್ಣು ಒಂದು ಚೀಲ ತಂದೆವು, ಪಕ್ಕ ಪಕ್ಕ ಇಟ್ಟೆವು. ಕೆಂಪು ಮಣ್ಣು ಅಷ್ಟಾಗಿ ಉಬ್ಬುವುದಿಲ್ಲ. ಒಂದೇ ಜಿಲ್ಲೆಯ ಎರಡು ಮಣ್ಣು ಇಷ್ಟು ಬೇರೆ ಅಂತ ಪೇಟೆಯ ಮಕ್ಕಳು ನಮ್ಮ ಕೋಣೆಯಲ್ಲೇ ಮೊದಲ ಸಲ ನೋಡಿದರು. (ಸೀಮೆಎಣ್ಣೆ ಜಾಡಿ ದೊಡ್ಡವರ ಕೈಯಲ್ಲೇ ಇರುತ್ತದೆ, ಗಾಬರಿ ಬೇಡ.)

ಇನ್ನು ನೀವೇ ಹೇಳಿ, ಆ ದಿನ ಕೊಟ್ಟವರು ಯಾರು, ತಗೊಂಡವರು ಯಾರು? ಹಳ್ಳಿಗೆ ಹೋಗುವುದನ್ನು ನಿಲ್ಲಿಸಿದರೆ ನಿಮ್ಮ ಮಕ್ಕಳ ರವಿವಾರವೂ ಬಡವಾಗುತ್ತದೆ. ಆ ಎರಡು ದಿನ ನಾವು ಬಿಡುವುದಿಲ್ಲ. ಸರಕಾರಿ ಶಾಲೆಗಳ ಕಡೆ ದುಡ್ಡೂ ಕೇಳುವುದಿಲ್ಲ.

60 ರೂಪಾಯಿ ಕೆಲವರಿಗೆ ಭಾರ ಅಂತ ನಮಗೂ ಗೊತ್ತು. ಇಬ್ಬರು ಮೂವರು ಮಕ್ಕಳಿದ್ದರೆ, ಮೇಲೆ ಬಸ್ ಖರ್ಚು ಸೇರಿದರೆ, ಜಾಸ್ತಿಯೇ. ಕೌಂಟರಿನಲ್ಲಿ ಮೆಲ್ಲಗೆ ಒಂದು ಮಾತು ಹೇಳಿ, ಆದಷ್ಟು ಕೊಡಿ, ಆಗದಿದ್ದರೆ ಕೊಡಬೇಡಿ. ಯಾವ ಕಾಗದ ಕೇಳುವುದಿಲ್ಲ, ಯಾರ ಮುಂದೆಯೂ ಹೇಳುವುದಿಲ್ಲ. ವರ್ಷದ ಕಾರ್ಡ್ ಇದ್ದವರಿಗೆ ಕಾರ್ಡಿನ ಅವಧಿ ಮುಗಿಯುವವರೆಗೆ ಹಳೇ ದರವೇ. ಗೇಟಿನ ಹಾಳೆ ನೋಡಿ ಹೋದ ರವಿವಾರ ವಾಪಸ್ ಹೋದವರು ಯಾರಾದರೂ ಇದ್ದರೆ ದಯವಿಟ್ಟು ಬನ್ನಿ, ಒಂದು ಸರತಿ ನಮ್ಮ ಕಡೆಯಿಂದ.

ಆಗಸ್ಟ್ 10ರ ಶೂನ್ಯ ನೆರಳು, ಅಂದರೆ ನೆಟ್ಟಗೆ ನಿಂತ ವಸ್ತುವಿನ ನೆರಳು ಪಕ್ಕಕ್ಕೆ ಬೀಳದ ಹೊತ್ತನ್ನು ನೋಡುವುದು, ಎಂದಿನಂತೆ ಪುಕ್ಕಟೆ, ಹೊರಗಿನ ಬಯಲಲ್ಲಿ. ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಸೂರ್ಯ ನೆತ್ತಿಯ ಮೇಲೆ ನೇರ ಬರುವುದು ವರ್ಷಕ್ಕೆ ಎರಡೇ ಸಲ, ಮೇ 2ರ ಆಸುಪಾಸು ಮತ್ತು ಆಗಸ್ಟ್ 10ರ ಆಸುಪಾಸು. ಹೊತ್ತು 12 ಗಂಟೆಗಲ್ಲ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶಕ್ಕೆ ಇಟ್ಟದ್ದು, ನಾವಿರುವುದು 75ರ ಹತ್ತಿರ, ಡಿಗ್ರಿಗೆ 4 ನಿಮಿಷದಂತೆ ಅರ್ಧ ತಾಸು ಹಿಂದೆ. ಸೂರ್ಯನ ಓಟದ ವ್ಯತ್ಯಾಸದಿಂದ ಆಗಸ್ಟಿನಲ್ಲಿ ಇನ್ನೈದು ನಿಮಿಷ ಸೇರುತ್ತದೆ. ಹಾಗಾಗಿ 12.35ರ ಸುಮಾರು. ನೆಟ್ಟಗೆ ನಿಲ್ಲುವ ಒಂದು ಸ್ಟೀಲ್ ಲೋಟ ಅಥವಾ ಪೈಪಿನ ತುಂಡು ಮನೆಯಿಂದ ತನ್ನಿ. ಶ್ರಾವಣದ ಮೋಡ ಅಡ್ಡ ಬಂದರೆ ಒಳಗೆ ಡೈನಮೊ ಇದೆ, ಅದರ ಬೆಲ್ಟ್ ಈ ಬುಧವಾರವೇ ಹೊಸದು ಹಾಕುತ್ತೇವೆ.

ನಿಮ್ಮ,
ಮ್ಯೂಸಿಯಂ ನೋಡಿಕೊಳ್ಳುವ ಏಳೂ ಜನ