ಕೋಳಿಗೆ ಯಾರೂ ಅಂಕ ಕೊಡುವುದಿಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ, ಹುಂಜಗಳನ್ನು ಕಾದಾಡಿಸುವ ಕೋಳಿ ಅಂಕದ ಮೇಲೆ ಪೊಲೀಸರು ದಾಳಿ ನಡೆಸಿದ ಸುದ್ದಿ ಬಂದಿತ್ತು. ಸುದ್ದಿಯ ಬಗ್ಗೆ ನನ್ನ ತಕರಾರಿಲ್ಲ. ಅದರ ಕೊನೆಯಲ್ಲಿ, ಘಟ್ಟದ ಮೇಲಿನ ಓದುಗರಿಗೆ ಅನುಕೂಲವಾಗಲೆಂದು ಇರಬೇಕು, ಒಂದು ಸಾಲಿನ ವಿವರಣೆ ಸೇರಿಸಿದ್ದೀರಿ: ಗೆದ್ದ ಕೋಳಿಗೆ ಅಂಕ ಕೊಡುವುದರಿಂದ ಈ ಆಟಕ್ಕೆ ಆ ಹೆಸರು ಬಂದಿದೆ ಎಂದು. ಮೂವತ್ತು ವರ್ಷ ಮಕ್ಕಳ ಉತ್ತರ ಪತ್ರಿಕೆಗಳಿಗೆ ಅಂಕ ಕೊಟ್ಟವನು ನಾನು. ಕೋಳಿಗೆ ಅಂಕ ಕೊಡುವವರನ್ನು ಕುಂದಾಪುರದ ಸುತ್ತಮುತ್ತ ಈವರೆಗೆ ಕಂಡಿಲ್ಲ. ಅಲ್ಲಿ ಒಂದು ಕೋಳಿ ಉಳಿಯುತ್ತದೆ, ಇನ್ನೊಂದು ಸಂಜೆಯ ಹೊತ್ತಿಗೆ ಸಾರಾಗುತ್ತದೆ. ಅಂಕಪಟ್ಟಿಯ ಮಾತೇ ಬರುವುದಿಲ್ಲ.

ಅಂಕ ಎಂದರೆ ಕಾಳಗ. ಅದರಲ್ಲೂ ಇಬ್ಬರೇ ಎದುರಾಬದುರಾಗಿ ನಿಂತು, ನೋಡುವವರ ನಡುವೆ ಮಾಡುವ ಕಾಳಗ. ನಿಘಂಟು ತೆರೆದರೆ ಗುರುತು, ಸಂಖ್ಯೆ, ತೊಡೆ, ನಾಟಕದ ಭಾಗ ಎಂಬ ಅರ್ಥಗಳ ಸಾಲಿನಲ್ಲಿ ಇದೂ ಸಿಗುತ್ತದೆ. ಹಳಗನ್ನಡದಲ್ಲಿ ಹೀಗೆ ಕಾದುವವನನ್ನು ಅಂಕಕಾರ ಎನ್ನುತ್ತಿದ್ದರು. ಒಡೆಯನ ಪರವಾಗಿ ಒಬ್ಬನೇ ಕಣಕ್ಕಿಳಿಯುವ ಆಳು ಅವನು. ಅದು ಎಷ್ಟು ಗೌರವದ ಮಾತಾಗಿತ್ತೆಂದರೆ ಅರಸು ಮಕ್ಕಳೂ ಅದನ್ನು ಬಿರುದಾಗಿ ಧರಿಸುತ್ತಿದ್ದರು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯ 1076ರಲ್ಲಿ ಪಟ್ಟಕ್ಕೆ ಬಂದನಲ್ಲ, ಅವನ ತಮ್ಮ ಜಯಸಿಂಹನಿಗೆ ‘ಅಣ್ಣನ ಅಂಕಕಾರ’ ಎಂಬ ಬಿರುದಿತ್ತು. ಅದೇ ತಮ್ಮ ಮುಂದೆ ಅದೇ ಅಣ್ಣನ ಮೇಲೆ ತಿರುಗಿ ಬಿದ್ದ ಎನ್ನುವುದು ಬೇರೆ ಕಥೆ. ಬಿರುದುಗಳನ್ನು ನಂಬಬಾರದು ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದದ್ದು ಇಂಥವುಗಳನ್ನು ನೋಡಿಯೇ. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅರಸರು ಕುಳಿತು ನೋಡುವ ವಿನೋದಗಳನ್ನು ವಿವರಿಸುವಾಗ ಅಂಕವಿನೋದಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟಿದ್ದಾನೆ. ಮಲ್ಲರ ಕುಸ್ತಿಗೆ ಬೇರೆ, ಕೋಳಿ ಕಾಳಗಕ್ಕೆ ಬೇರೆ ಭಾಗಗಳಿವೆ. ಅಂದರೆ ಆಗ ಅಂಕ ಮನುಷ್ಯರದು.

ನಮ್ಮ ಊರಿಂದ ಗಂಟೆಯೊಂದರ ಬಸ್ ದಾರಿಯಲ್ಲಿರುವ ಭಟ್ಕಳದಲ್ಲೇ ಇಂಥ ಕಾಳಗ ನಡೆಯುತ್ತಿದ್ದುದನ್ನು 1516ರ ಆಸುಪಾಸಿನಲ್ಲಿ ಪೋರ್ಚುಗೀಸನಾದ ಬಾರ್ಬೋಸಾ ಬರೆದಿಟ್ಟಿದ್ದಾನೆ. ಯಾವುದಾದರೂ ವಿಷಯಕ್ಕೆ ಇಬ್ಬರಿಗೆ ಜಗಳ ಬಂದರೆ ಒಬ್ಬರು ಇನ್ನೊಬ್ಬರನ್ನು ಕಾಳಗಕ್ಕೆ ಕರೆಯುತ್ತಿದ್ದರಂತೆ. ಅರಸ ಕಣವನ್ನೂ ದಿನವನ್ನೂ ಗೊತ್ತು ಮಾಡುತ್ತಿದ್ದ, ಒಬ್ಬೊಬ್ಬರ ಬೆನ್ನಿಗೂ ಆಸರೆಯ ಆಳುಗಳನ್ನು ಕೊಡುತ್ತಿದ್ದ. ಆಯುಧ ಎಷ್ಟು ಉದ್ದವಿರಬೇಕು ಎಂಬುದನ್ನು ಕೂಡ ಅವನೇ ನಿಗದಿ ಮಾಡುತ್ತಿದ್ದ. ಸೊಂಟದ ಮೇಲೆ ಬರಿಮೈ, ಕೆಳಗೆ ಬಿಗಿಯಾಗಿ ಸುತ್ತಿದ ಬಟ್ಟೆ. ಕೆಲವೇ ಏಟುಗಳಲ್ಲಿ ಕೆಲಸ ಮುಗಿಯುತ್ತಿತ್ತು. 1530ರ ದಶಕದಲ್ಲಿ ವಿಜಯನಗರದ ಬಗ್ಗೆ ಬರೆದ ಇನ್ನೊಬ್ಬ ಪೋರ್ಚುಗೀಸ ನ್ಯೂನಿಜ್ ಇನ್ನೂ ಎರಡು ವಿಷಯ ಸೇರಿಸುತ್ತಾನೆ. ಮಂತ್ರಿಯ ಅಪ್ಪಣೆ ಇಲ್ಲದೆ ಯಾರೂ ಹೀಗೆ ಕಾದುವಂತಿರಲಿಲ್ಲ. ಮತ್ತು ಸತ್ತವನ ಆಸ್ತಿ ಬದುಕಿದವನಿಗೆ ಸೇರುತ್ತಿತ್ತು.

ಈ ಕೊನೆಯ ಮಾತು ಓದಿದಾಗಲೆಲ್ಲ ನನಗೆ ನನ್ನ ಸೋದರಮಾವನ ನೆನಪಾಗುತ್ತದೆ. ಅವರು ಜಾತ್ರೆ ಮುಗಿದ ಮರುದಿನ ಗದ್ದೆಯಲ್ಲಿ ನಡೆಯುವ ಅಂಕಕ್ಕೆ ನನ್ನನ್ನು ಅಮ್ಮನಿಗೆ ತಿಳಿಯದಂತೆ ಕರೆದೊಯ್ಯುತ್ತಿದ್ದರು. ಎರಡು ಕೋಳಿಗಳನ್ನು ಅಕ್ಕಪಕ್ಕ ಹಿಡಿದು ತೂಕ, ಎತ್ತರ, ಬಣ್ಣ ಹೊಂದಿಸಿ ಜೋಡಿ ಮಾಡುವುದಕ್ಕೇ ಅರ್ಧ ಗಂಟೆ. ಆಮೇಲೆ ಕಾಲಿಗೆ ಬಾಳು ಕಟ್ಟುವುದು. ಹಳಗನ್ನಡದಲ್ಲಿ ‘ಬಾಳ್’ ಎಂದರೆ ಕತ್ತಿ. ಯೋಧರ ಕೈಯಲ್ಲಿದ್ದ ಆ ಮಾತು ಈಗ ಕೋಳಿಯ ಕಾಲಿನಲ್ಲಿದೆ. ಸೋತ ಕೋಳಿ ಗೆದ್ದ ಕೋಳಿಯ ಯಜಮಾನನದು, ಅದರಲ್ಲಿ ಮಾತೇ ಇಲ್ಲ. ಮಂತ್ರಿಯ ಅಪ್ಪಣೆಯೊಂದನ್ನು ಬಿಟ್ಟರೆ ಬಾರ್ಬೋಸಾ ಮತ್ತು ನ್ಯೂನಿಜ್ ಕಂಡ ಕಟ್ಟಳೆಗಳೆಲ್ಲ ಆ ಗದ್ದೆಯಲ್ಲಿದ್ದವು. ಮನುಷ್ಯರು ಬಿಟ್ಟ ಕಾಳಗವನ್ನು ಅದರ ಹೆಸರಿನ ಸಮೇತ ಕೋಳಿಗಳ ತಲೆಗೆ ಕಟ್ಟಿದ್ದೇವೆ ಎಂಬುದು ನನ್ನ ಊಹೆ. ತುಳುವರು ಇದನ್ನು ಕೋರಿಕಟ್ಟ ಎನ್ನುತ್ತಾರೆ. ನಮ್ಮ ಕಡೆ ಕೋಳಿ ಪಡೆ ಎನ್ನುವುದೂ ಉಂಟು, ಇರುವುದು ಎರಡೇ ಕೋಳಿಯಾದರೂ!

ಇದನ್ನು ಕೋಳಿ ಅಂಕದ ಪರ ವಕಾಲತ್ತು ಎಂದು ದಯವಿಟ್ಟು ತಿಳಿಯಬೇಡಿ. ಪ್ರಾಣಿಗಳನ್ನು ಕಾದಾಟಕ್ಕೆ ಹಚ್ಚುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮಾವನ ಜೇಬು ಬರಿದಾಗುತ್ತಿದ್ದುದನ್ನು, ಅತ್ತೆಯ ಮುಖ ಬಾಡುತ್ತಿದ್ದುದನ್ನು ಕಂಡವನು ನಾನು. ಆಟ ಹೋಗಲಿ. ಮಾತಿಗೆ ಇಲ್ಲದ ಅರ್ಥ ಅಂಟಿಸುವುದು ಬೇಡ ಎಂದಷ್ಟೇ ನನ್ನ ಕೋರಿಕೆ.

ಪಕ್ಕದ ಮಲಯಾಳಿಗಳನ್ನು ನೋಡಿ. ಅವರ ಉತ್ತರ ಮಲಬಾರಿನ ವೀರಗೀತೆಗಳಲ್ಲಿ ಜಗಳವಾಡಿದ ಇಬ್ಬರು ಧಣಿಗಳ ಪರವಾಗಿ ಚೇಕವರೆಂಬ ಕಾಳಗದ ಆಳುಗಳು ಕಟ್ಟೆಯ ಮೇಲೆ ನಿಂತು ಕಾದಿ ಸಾಯುವ ಕಾಳಗಕ್ಕೂ ಅಂಕವೆಂದೇ ಹೆಸರು. ಅಲ್ಲಿನ ಪತ್ರಿಕೆಗಳು ಈಗಲೂ ಚುನಾವಣೆಯನ್ನು ಅಂಕ ಎಂದೇ ಬರೆಯುತ್ತವೆ, ಓದುಗರು ಯಾರೂ ಪರೀಕ್ಷೆಯ ಅಂಕವೆಂದು ಭ್ರಮಿಸುವುದಿಲ್ಲ. ನಾವು ಮಾತ್ರ ‘ಹಣಾಹಣಿ’ಯೊಂದನ್ನೇ ಹಿಡಿದು ಸವೆಸುತ್ತಿದ್ದೇವೆ. ತಮ್ಮ ಅದೇ ಸಂಚಿಕೆಯ ಮುಖಪುಟದಲ್ಲಿ ‘ತ್ರಿಕೋನ ಹಣಾಹಣಿ’ ಎಂಬ ತಲೆಬರಹವಿತ್ತು. ಮುಖಾಮುಖಿ, ಮುಷ್ಟಾಮುಷ್ಟಿ, ಕೇಶಾಕೇಶಿಗಳಂತೆ ಹಣಾಹಣಿಯೂ ಇಬ್ಬರು ಒಬ್ಬರನ್ನೊಬ್ಬರು ಹಣಿಯುವ ಮಾತು. ಮೂವರು ಒಬ್ಬರ ಜುಟ್ಟನ್ನೊಬ್ಬರು ಹಿಡಿದರೆ ಅದು ಗಲಾಟೆ. ದ್ವಂದ್ವಯುದ್ಧದ ಗತಿಯೂ ಅಷ್ಟೇ: ಯುದ್ಧ ಕಳಚಿ ಬಿದ್ದು ಬರಿಯ ದ್ವಂದ್ವ ಉಳಿದಿದೆ, ಅದೂ ಖಾತೆ ಯಾರಿಗೆ ಕೊಡಲಿ ಎಂದು ಮುಖ್ಯಮಂತ್ರಿಗಳಿಗೆ ಕಾಡುವ ದ್ವಂದ್ವವಾಗಿ. ಮಾತುಗಳು ಹೀಗೆ ಹೊರಳುವುದನ್ನು ತಡೆಯಲಾಗದು, ನಾನು ತಡೆಯಹೊರಟವನೂ ಅಲ್ಲ. ಆದರೆ ಇಬ್ಬರೇ ಅಭ್ಯರ್ಥಿಗಳು ಎದುರಾದ ಕ್ಷೇತ್ರಕ್ಕೆ ಒಮ್ಮೆಯಾದರೂ ‘ಅಂಕ’ ಎಂದು ಬರೆದು ನೋಡಿ. ಮೂರಕ್ಷರದ ಜಾಗವೂ ಬೇಡ, ಎರಡೇ ಸಾಕು. ತಲೆಬರಹ ಹೊಂದಿಸುವವರಿಗೆ ಇದಕ್ಕಿಂತ ಸುಲಭದ ಮಾತು ಸಿಕ್ಕೀತೆ?

ತಿದ್ದುಪಡಿ ಹಾಕುವುದಾದರೆ ಜಿಲ್ಲಾ ಪುಟದಲ್ಲೇ ಹಾಕಿ. ಆ ಸುದ್ದಿಯನ್ನು ಕತ್ತರಿಸಿ ನನ್ನ ಮೊಮ್ಮಗಳು ಶಾಲೆಯ ಪುಸ್ತಕಕ್ಕೆ ಅಂಟಿಸಿಕೊಂಡಿದ್ದಾಳೆ. ಪಕ್ಕದಲ್ಲಿ ಅದನ್ನೂ ಅಂಟಿಸಲು ಹೇಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಅಧ್ಯಾಪಕ
ಕುಂದಾಪುರ