ಗ್ರೀನ್ ಕಾರ್ಡ್ ಬಂತು, ಧನ್ಯವಾದ ಹೇಳಬೇಕಾದವರು ಬಹಳ ಜನ

ಕಳೆದ ವಾರ ನಮ್ಮ ಮೂವರ ಗ್ರೀನ್ ಕಾರ್ಡ್ ಅಂಚೆಯಲ್ಲಿ ಬಂದವು. ನನ್ನದು, ನಮ್ಮ ಮನೆಯವರದು, ಮಗಳದು. 2008ರಲ್ಲಿ ಶಿವಮೊಗ್ಗದಿಂದ ನ್ಯೂಜೆರ್ಸಿಗೆ ಬಂದಾಗ ಮಗಳಿಗೆ ನಾಲ್ಕು ವರ್ಷ. ಈಗ ಅವಳು ಡಿಗ್ರಿ ಮುಗಿಸಿ ಕೆಲಸಕ್ಕೆ ಹೋಗುತ್ತಿದ್ದಾಳೆ. ಇಷ್ಟು ಕಾಲ "ಏನಾಯ್ತು, ಬಂತಾ?" ಅಂತ ಕೇಳುತ್ತಲೇ ಇದ್ದ ನಿಮಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಲು ಕೂತರೆ ಅರ್ಧದಲ್ಲೇ ಅಳು ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಊರಿನವರು ಹಲವರು ಕೇಳಿದ್ದಾರೆ, ಒಳ್ಳೆ ಕೆಲಸ ಇದೆ, ತೆರಿಗೆ ಕಟ್ಟುತ್ತೀರಿ, ಮತ್ತೆ ಯಾಕೆ ಇಷ್ಟು ತಡ ಅಂತ. ಅವರಿಗಾಗಿ ಎರಡು ಮಾತು. ಕೆಲಸದ ಆಧಾರದ ಮೇಲೆ ಅಮೆರಿಕ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್ ಕೊಡುತ್ತದೆ. ಹೆಂಡತಿ ಮಕ್ಕಳ ಲೆಕ್ಕವೂ ಅದರಲ್ಲೇ ಸೇರಿದೆ. ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಶೇ. 7ಕ್ಕಿಂತ ಜಾಸ್ತಿ ಸಿಗುವುದಿಲ್ಲ. ಇದು 1990ರ ಕಾನೂನು. ಭಾರತವಾದರೂ ಅಷ್ಟೇ, ಶಿವಮೊಗ್ಗಕ್ಕಿಂತ ಚಿಕ್ಕ ದೇಶವಾದರೂ ಅಷ್ಟೇ. ಹಾಗಾಗಿ ನಮ್ಮವರ ಸಾಲು ಬೆಳೆಯುತ್ತಲೇ ಹೋಯಿತು. ಸಾಲಿನಲ್ಲಿ ನಮ್ಮ ಜಾಗ 2013ರ ಜೂನ್. ಅದಕ್ಕೆ ಪ್ರಯಾರಿಟಿ ಡೇಟ್ ಅಂತಾರೆ. ಪ್ರತಿ ತಿಂಗಳು ಬರುವ ವೀಸಾ ಬುಲೆಟಿನ್‌ನಲ್ಲಿ ಆ ದಿನಾಂಕ ದಾಟಿತಾ ಅಂತ ನೋಡುವುದು, ಇಲ್ಲ ಅಂದರೆ ಮುಂದಿನ ತಿಂಗಳವರೆಗೆ ಕಾಯುವುದು. ಇಷ್ಟು ವರ್ಷ ಮಾಡಿದ್ದು ಅದೇ.

ಮೊದಲ ಧನ್ಯವಾದ ನಮ್ಮವರ ಹಳೆಯ ಮ್ಯಾನೇಜರ್‌ಗೆ. ಇಲ್ಲಿ ಕೆಲಸಕ್ಕೆ ಅಂತ ಕೊಡುವ ಎಚ್-1ಬಿ ವೀಸಾಕ್ಕೆ ಆರು ವರ್ಷದ ಮಿತಿ. ಆರನೇ ವರ್ಷ ಮುಗಿಯಲು ಒಂದು ವರ್ಷ ಇರುವ ಮುಂಚೆಯೇ ಲೇಬರ್ ಅರ್ಜಿ, ಅಂದರೆ ಗ್ರೀನ್ ಕಾರ್ಡಿಗೆ ಕಂಪನಿ ಹಾಕುವ ಮೊದಲ ಅರ್ಜಿ, ಹೋಗದಿದ್ದರೆ ಮುಂದಿನ ದಾರಿ ಕಷ್ಟ. ನಮ್ಮದು 2014ಕ್ಕೆ ಮುಗಿಯುತ್ತಿತ್ತು. ಕಂಪನಿ ಈ ವರ್ಷ ಬೇಡ, ಬಜೆಟ್ ಇಲ್ಲ ಅಂದಾಗ ಆ ಮನುಷ್ಯ ತಾನೇ ಎಚ್‌ಆರ್ ಮುಂದೆ ಹೋಗಿ ಕೂತು, ಈ ಅರ್ಜಿ ಹೋಗುವವರೆಗೆ ನಾನು ಇಲ್ಲಿಂದ ಏಳುವುದಿಲ್ಲ ಅಂದರಂತೆ. 2013ರ ಜೂನ್ ಅನ್ನುವ ದಿನಾಂಕ ನಮ್ಮದಾದದ್ದು ಹಾಗೆ. ಈಗ ಅವರು ನಿವೃತ್ತರು. ಮೊನ್ನೆ ಫೋನ್ ಮಾಡಿದರೆ ನಮಗಿಂತ ಜಾಸ್ತಿ ಅತ್ತರು.

ನನ್ನ ಬಾಸ್‌ಗೆ. ಶಿವಮೊಗ್ಗದಲ್ಲಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದವಳು ನಾನು. ಇಲ್ಲಿಗೆ ಬಂದ ಮೇಲೆ ಎಚ್-4 ವೀಸಾದಲ್ಲಿ, ಅಂದರೆ ಎಚ್-1ಬಿಯವರ ಹೆಂಡತಿ ಮಕ್ಕಳಿಗೆ ಕೊಡುವ ವೀಸಾದಲ್ಲಿ, ಕೆಲಸ ಮಾಡುವ ಹಾಗೇ ಇರಲಿಲ್ಲ. 2015ರ ಮೇ ತಿಂಗಳಲ್ಲಿ ನಿಯಮ ಬದಲಾಗಿ, ಗ್ರೀನ್ ಕಾರ್ಡ್ ಸಾಲಿನಲ್ಲಿರುವವರ ಹೆಂಡತಿ ಅಥವಾ ಗಂಡ ಕೆಲಸ ಮಾಡಬಹುದು ಅಂತಾಯಿತು. ಒಂದು ಔಷಧ ಕಂಪನಿಯ ಲ್ಯಾಬ್‌ನಲ್ಲಿ ಸೇರಿಕೊಂಡೆ. ಅಷ್ಟು ವರ್ಷ ಬಿಟ್ಟು ಮತ್ತೆ ಬಿಳಿ ಕೋಟು ಹಾಕಿದ ಸಂತೋಷ ನನಗೇ ಗೊತ್ತು. ಆದರೆ ಆ ನಿಯಮವನ್ನೇ ತೆಗೆದುಹಾಕುತ್ತೇವೆ ಎಂಬ ಮಾತು 2017ರಲ್ಲೇ ಶುರುವಾಯಿತು, ಕೋರ್ಟಿನಲ್ಲಿ ಕೇಸು ಬೇರೆ. 2019ರಲ್ಲಿ ಎಚ್-4 ವಿಸ್ತರಣೆಗೆ ಬೆರಳಚ್ಚು ಕಡ್ಡಾಯ ಮಾಡಿದರು. ಮೊದಲು ನಮ್ಮವರ ವೀಸಾ ಜೊತೆಗೇ ಕೆಲವೇ ವಾರಗಳಲ್ಲಿ ಬರುತ್ತಿದ್ದ ನನ್ನ ಕಾಗದ ತಿಂಗಳುಗಟ್ಟಲೆ ನಿಂತಿತು. ಕೆಲಸದ ಪರವಾನಗಿ ಮುಗಿಯಿತು, ಮನೆಯಲ್ಲಿ ಕೂತೆ. ನನ್ನ ಜಾಗಕ್ಕೆ ಇನ್ನೊಬ್ಬರನ್ನು ತೆಗೆದುಕೊಳ್ಳುವುದು ಬಾಸ್‌ಗೆ ಸುಲಭವಿತ್ತು. ಅವರು ತೆಗೆದುಕೊಳ್ಳಲಿಲ್ಲ. ನನ್ನ ಪಾಲಿನ ಟೆಸ್ಟಿಂಗ್ ಕೆಲಸವನ್ನು ತಂಡದವರು ಹಂಚಿಕೊಂಡು ಮಾಡಿದರು. ಕಾಗದ ಬಂದ ಮರುದಿನವೇ ವಾಪಸ್ ಹೋದೆ, ನನ್ನ ಮೇಜು ಹಾಗೇ ಇತ್ತು.

ಇನ್ನು ಬರೆಯಲು ಕಷ್ಟವಾಗುವ ಭಾಗ.

2020ರ ಜುಲೈನಲ್ಲಿ ಮಾವ ಶಿವಮೊಗ್ಗದಲ್ಲಿ ತೀರಿಕೊಂಡರು. ನಮ್ಮವರು ಒಬ್ಬನೇ ಮಗ. ಭಾರತಕ್ಕೆ ವಿಶೇಷ ವಿಮಾನಗಳು ಇದ್ದವು, ಹೋಗಬಹುದಿತ್ತು. ವಾಪಸ್ ಬರುವುದೇ ಪ್ರಶ್ನೆ. ಪಾಸ್‌ಪೋರ್ಟಿನಲ್ಲಿದ್ದ ವೀಸಾ ಮುದ್ರೆ ಮುಗಿದಿತ್ತು, ಚೆನ್ನೈ ದೂತಾವಾಸದಲ್ಲಿ ಮಾಮೂಲಿ ವೀಸಾ ಕೆಲಸ ಮಾರ್ಚ್‌ನಿಂದಲೇ ನಿಂತಿತ್ತು, ಜೂನ್‌ನಲ್ಲಿ ಬಂದ ಅಧ್ಯಕ್ಷರ ಆದೇಶದ ಪ್ರಕಾರ ಹೊರಗಿದ್ದು ಕೈಯಲ್ಲಿ ಚಾಲ್ತಿ ವೀಸಾ ಇಲ್ಲದ ಎಚ್-1ಬಿಯವರು ವರ್ಷದ ಕೊನೆಯವರೆಗೆ ಒಳಗೆ ಬರುವ ಹಾಗಿರಲಿಲ್ಲ. ಆಮೇಲೆ ಅದನ್ನು 2021ರ ಮಾರ್ಚ್‌ವರೆಗೆ ಮುಂದುವರಿಸಿದರು. ಹೋದರೆ ಕೆಲಸ ಹೋಗುತ್ತಿತ್ತು, ಅದರ ಜೊತೆಗೆ ನಾನೂ ಮಗಳೂ ಇಲ್ಲಿರುವ ಹಕ್ಕೂ ಹೋಗುತ್ತಿತ್ತು. ಅವರು ಹೋಗಲಿಲ್ಲ. ಆ ರಾತ್ರಿಯ ಬಗ್ಗೆ ಇದಕ್ಕಿಂತ ಜಾಸ್ತಿ ಬರೆಯಲಾರೆ.

ಮಾವನ ಕೆಲಸಗಳನ್ನು ಮಾಡಿದ್ದು ನಮ್ಮವರ ಚಿಕ್ಕಪ್ಪನ ಮಗ. ಕೊರೋನಾ ಭಯದಲ್ಲಿ ಹತ್ತಿರದ ನೆಂಟರೇ ಬಾಗಿಲಲ್ಲಿ ನಿಂತು ಹೋಗುತ್ತಿದ್ದ ಕಾಲ ಅದು. ಪಕ್ಕದ ಮನೆಯವರು ಅತ್ತೆಯನ್ನು ಒಂದು ರಾತ್ರಿಯೂ ಒಂಟಿಯಾಗಿ ಬಿಡಲಿಲ್ಲ, ತಮ್ಮ ಮಗಳನ್ನು ಅವರ ಜೊತೆ ಮಲಗಲು ಕಳಿಸಿದರು. ಪುರೋಹಿತರು ಫೋನನ್ನು ಮಣೆಯ ಪಕ್ಕ ನಿಲ್ಲಿಸಿಕೊಂಡು, ಇಲ್ಲಿ ಸ್ನಾನ ಮಾಡಿ ಕೂತಿದ್ದ ಮಗನಿಂದ ಮಂತ್ರ ಹೇಳಿಸಿದರು. ನಿಮಗೆ ಯಾವ ಮಾತಿನಲ್ಲಿ ಧನ್ಯವಾದ ಹೇಳಲಿ? ಗ್ರೀನ್ ಕಾರ್ಡ್ ಯಾರ ಹೆಸರಿನಲ್ಲಿ ಬಂದರೂ ಅದಕ್ಕೆ ಬೆಲೆ ತೆತ್ತವರಲ್ಲಿ ನೀವೂ ಇದ್ದೀರಿ.

ಅದೇ ವರ್ಷ ಅಕ್ಟೋಬರ್ ಬುಲೆಟಿನ್‌ನಲ್ಲಿ ಯಾರೂ ನಿರೀಕ್ಷಿಸದ ಬದಲಾವಣೆ ಬಂತು. ಕೆಲಸದ ಗ್ರೀನ್ ಕಾರ್ಡಿನಲ್ಲಿ ಮೂರನೇ ವರ್ಗವಾದ ಇಬಿ-3ರಲ್ಲಿ 2015ರ ಜನವರಿಗೆ ಮುಂಚಿನ ಪ್ರಯಾರಿಟಿ ಡೇಟ್ ಇರುವ ಭಾರತೀಯರು ಕೊನೆಯ ಹಂತದ ಅರ್ಜಿ, ಅಂದರೆ 485, ಹಾಕಬಹುದು ಅಂತಾಯಿತು. ನಾವಿದ್ದದ್ದು ಎರಡನೇ ವರ್ಗ ಇಬಿ-2ರಲ್ಲಿ. ಎಲ್ಲರೂ "ಡೌನ್‌ಗ್ರೇಡ್" ಮಾಡಲು, ಅಂದರೆ ಇಬಿ-3ಕ್ಕೆ ಇಳಿಯಲು, ಓಡಿದರು, ನಾವೂ ಓಡಿದೆವು. ನಮ್ಮವರ ಜನನ ಪ್ರಮಾಣ ಪತ್ರ ಬೇಕಿತ್ತು. ಅವರು ಹುಟ್ಟಿದ್ದು ತೀರ್ಥಹಳ್ಳಿ ತಾಲೂಕಿನ ಹಳ್ಳಿಮನೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಯಾವ ಪುಸ್ತಕದಲ್ಲೂ ಹೆಸರಿಲ್ಲ. ಹಾಗಿದ್ದರೆ ದಾಖಲೆ ಇಲ್ಲ ಎಂಬ ಪ್ರಮಾಣ ಪತ್ರ, ಅಂದರೆ ಹತ್ತನೇ ನಮೂನೆ, ಮತ್ತು ಹುಟ್ಟಿದ್ದು ಕಂಡ ಹಿರಿಯರ ಅಫಿಡವಿಟ್ ಬೇಕು. ಅದೇ ಚಿಕ್ಕಪ್ಪನ ಮಗ, ದೊಡ್ಡಪ್ಪನ ಕಾರ್ಯ ಮುಗಿಸಿ ಇನ್ನೂ ಸುಧಾರಿಸಿಕೊಳ್ಳದವನು, ಬೈಕ್ ಹತ್ತಿ ತಾಲೂಕು ಕಚೇರಿಗೆ ಓಡಾಡಿದ. ಅಲ್ಲಿನ ಗುಮಾಸ್ತರು ಹಳೆಯ ರಿಜಿಸ್ಟರ್‌ಗಳನ್ನು ಇಳಿಸಿ, ಪುಟ ಪುಟ ತಿರುವಿ, ಹೆಸರಿನ ಇಂಗ್ಲಿಷ್ ಸ್ಪೆಲಿಂಗ್ ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ಬರಬೇಕು ಅಂತ ತಾವೇ ನೆನಪು ಮಾಡಿ ಸರಿಮಾಡಿಕೊಟ್ಟರು. ಒಂದು ರೂಪಾಯಿ ಮುಟ್ಟಲಿಲ್ಲ. ವಯಸ್ಸಾದ ಸೋದರತ್ತೆ ಮಾಸ್ಕ್ ಹಾಕಿಕೊಂಡು ನೋಟರಿಯ ಮುಂದೆ ಕೂತು ಸಹಿ ಮಾಡಿದರು. ಆ ಕಾಗದಗಳು ಅಕ್ಟೋಬರ್ ಮುಗಿಯುವ ಮುಂಚೆ ಇಲ್ಲಿಗೆ ತಲುಪಿದವು. ನಮ್ಮ ವಕೀಲರ ಕಚೇರಿಯ ಪ್ಯಾರಾಲೀಗಲ್ ಹುಡುಗಿ ರಾತ್ರಿ ಹನ್ನೊಂದಕ್ಕೆ ಇಮೇಲ್ ಕಳಿಸುತ್ತಿದ್ದಳು, ಬೆಳಗ್ಗೆ ಆರಕ್ಕೂ ಕಳಿಸುತ್ತಿದ್ದಳು. ಅವಳಿಗೂ ನಮಸ್ಕಾರ.

ಆಮೇಲಿನ ಕತೆ ಸಾಲಿನಲ್ಲಿರುವ ಎಲ್ಲರಿಗೂ ಗೊತ್ತು. ಕೊರೋನಾ ಕಾಲದಲ್ಲಿ ಕುಟುಂಬ ವರ್ಗದಲ್ಲಿ ಉಳಿದ ವೀಸಾಗಳು ಕೆಲಸದ ವರ್ಗಕ್ಕೆ ಬಂದವು. 2021, 2022 ಎರಡೂ ವರ್ಷ 1,40,000 ಇದ್ದದ್ದು ಎರಡೂವರೆ ಲಕ್ಷ ದಾಟಿತು. ಈ ಸಲ ಇಬಿ-2 ಮುಂದೆ ಓಡಿತು, ನಾವು ಮತ್ತೆ ಇಬಿ-2ಕ್ಕೆ ಬದಲಿಸಿ ಅಂತ ಇಂಟರ್‌ಫೈಲ್ ಪತ್ರ ಹಾಕಿದೆವು. 2022ರ ಮೇ ತಿಂಗಳಿಗೆ ಡೇಟ್ 2014ರ ಸೆಪ್ಟೆಂಬರ್ ತಲುಪಿತು. ನಮ್ಮದು ದಾಟಿತ್ತು. ಹೊಸ ವೈದ್ಯಕೀಯ ಪರೀಕ್ಷೆಯ ವರದಿ ಕೇಳಿದರು, ಕಳಿಸಿದೆವು. ಫೈಲ್ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಯಿತು. ಸೆಪ್ಟೆಂಬರ್ ಮುಗಿಯಿತು, ಅದರ ಜೊತೆಗೆ ಆ ವರ್ಷದ ವೀಸಾ ಲೆಕ್ಕವೂ ಮುಗಿಯಿತು. ಅಕ್ಟೋಬರ್‌ನಲ್ಲಿ ಡೇಟ್ 2012ರ ಏಪ್ರಿಲ್‌ಗೆ ಹಿಂದೆ ಹೋಯಿತು, ಡಿಸೆಂಬರ್‌ನಲ್ಲಿ 2011ರ ಅಕ್ಟೋಬರ್‌ಗೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಮ್ಮವರು ವಾರಗಟ್ಟಲೆ ಮಾತೇ ಆಡಲಿಲ್ಲ. ಆಗ ಕನ್ನಡ ಕೂಟದ ಗೆಳೆಯರು ಸುಮ್ನೆ ಬಂದು ಹೋಗುತ್ತಿದ್ದರು. ವೀಸಾ ಬಗ್ಗೆ ಒಂದು ಮಾತೂ ತೆಗೆಯದೆ, ಅಡುಗೆ ಮಾಡಿ, ಊಟ ಹಾಕಿ, ಕ್ರಿಕೆಟ್ ನೋಡಿ ಹೋಗುತ್ತಿದ್ದರು. ಅದು ಎಷ್ಟು ದೊಡ್ಡ ಸಹಾಯ ಅಂತ ನಿಮಗೆ ಗೊತ್ತಿತ್ತೋ ಇಲ್ಲವೋ.

ನಮ್ಮ ದೊಡ್ಡ ಭಯ ಮಗಳದು. 21 ತುಂಬಿದರೆ ಮಕ್ಕಳು ಅಪ್ಪ ಅಮ್ಮನ ಅರ್ಜಿಯಿಂದ ಹೊರಗೆ ಬೀಳುತ್ತಾರೆ. ಏಜ್ ಔಟ್ ಅಂತಾರೆ. ನಾಲ್ಕು ವರ್ಷಕ್ಕೆ ಬಂದು ಇಲ್ಲೇ ಬೆಳೆದ ಹುಡುಗಿ ವಿದ್ಯಾರ್ಥಿ ವೀಸಾ ಹುಡುಕಬೇಕು, ಇಲ್ಲ ದೇಶ ಬಿಡಬೇಕು. ಅವಳಿಗೆ 21 ತುಂಬುವುದು 2024ರ ನವೆಂಬರ್‌ಗೆ. 2022ರಲ್ಲಿ ಡೇಟ್ ದಾಟಿದ ಆ ತಿಂಗಳುಗಳು ಅವಳ ಲೆಕ್ಕಕ್ಕೆ ಬರುತ್ತವೋ ಇಲ್ಲವೋ ಅಂತ ಕೇಳಿದರೆ ಒಬ್ಬೊಬ್ಬ ವಕೀಲರದು ಒಂದೊಂದು ಉತ್ತರ. 2023ರ ಫೆಬ್ರವರಿ 14ರಂದು ನೀತಿ ಬದಲಾಯಿತು. ಬುಲೆಟಿನ್‌ನಲ್ಲಿ ಎರಡು ಪಟ್ಟಿ, ಅರ್ಜಿ ಹಾಕಲು ಒಂದು, ಕಾರ್ಡ್ ಕೊಡಲು ಇನ್ನೊಂದು. ಅರ್ಜಿ ಹಾಕಲು ಅವಕಾಶ ಕೊಟ್ಟ ಪಟ್ಟಿಯ ಪ್ರಕಾರವೇ ವಯಸ್ಸು ಲೆಕ್ಕ ಹಾಕಬೇಕು ಅಂತಾಯಿತು. ಅಂದರೆ 2020ರ ಅಕ್ಟೋಬರ್‌ನಲ್ಲಿ ಅವಳಿಗೆ ಎಷ್ಟು ವಯಸ್ಸೋ ಅಲ್ಲಿಗೇ ನಿಂತಿತು. ಅವತ್ತು ಅವಳಿಗೆ 16. ಆ ಅಕ್ಟೋಬರ್ ತಪ್ಪಿದ್ದರೆ? ಈಗಲೂ ಮೈ ನಡುಗುತ್ತದೆ.

ಆ ಬದಲಾವಣೆಗೆ ವರ್ಷಗಳ ಕಾಲ ದನಿ ಎತ್ತಿದವರಲ್ಲಿ ಇಂಥದೇ ಮಕ್ಕಳು ಇದ್ದರು. ದೀಪ್ ಪಟೇಲ್ ಶುರು ಮಾಡಿದ ಇಂಪ್ರೂವ್ ದ ಡ್ರೀಮ್ ಸಂಘಟನೆಯ ಹುಡುಗ ಹುಡುಗಿಯರು ತಮ್ಮ ಓದು, ಪರೀಕ್ಷೆಗಳ ನಡುವೆ ವಾಷಿಂಗ್ಟನ್‌ಗೆ ಹೋಗಿ ಸಂಸದರ ಕಚೇರಿಗಳ ಬಾಗಿಲು ತಟ್ಟಿದರು. ಅವರಲ್ಲಿ ಎಷ್ಟೋ ಜನರಿಗೆ ಈ ನೀತಿಯಿಂದ ಲಾಭವಾಗಲಿಲ್ಲ. ಆದರೂ ಚಿಕ್ಕವರಿಗಾಗಿ ಹೋದರು. ನನ್ನ ಮಗಳು ಇವತ್ತು ನಮ್ಮ ಜೊತೆ ಇರುವುದರಲ್ಲಿ ನಿಮ್ಮ ಪಾಲಿದೆ, ಮಕ್ಕಳೇ.

2025ರ ಆಗಸ್ಟ್ 15ರಿಂದ ಆ ನೀತಿಯನ್ನು ಹಿಂದಕ್ಕೆ ತೆಗೆದುಕೊಂಡಿದ್ದಾರೆ. ಅದಕ್ಕೆ ಮುಂಚೆ ಹಾಕಿ ಬಾಕಿ ಇದ್ದ ಅರ್ಜಿಗಳಿಗೆ ಮಾತ್ರ ಹಳೆಯ ಲೆಕ್ಕವೇ ಉಳಿಯಿತು. ನಾವು ಉಳಿದದ್ದು ಹಾಗೆ. 2026ರ ಜನವರಿ ಬುಲೆಟಿನ್‌ನಲ್ಲಿ ಡೇಟ್ 2013ರ ಜುಲೈ 15ಕ್ಕೆ ಬಂತು, ನಮ್ಮದು ದಾಟಿತು, ಈ ಸಲ ಯಾರೂ ಏನೂ ಕೇಳಲಿಲ್ಲ. ಆದರೆ ನಮ್ಮ ಬೀದಿಯಲ್ಲೇ ಇರುವ ಇನ್ನೊಂದು ಕನ್ನಡ ಮನೆಯ ಮಗನಿಗೆ ಆ ರಕ್ಷಣೆ ಇಲ್ಲ. 2025ರ ಡಿಸೆಂಬರ್‌ನಲ್ಲಿ ಪಾಸ್‌ಪೋರ್ಟಿಗೆ ವೀಸಾ ಮುದ್ರೆ ಹಾಕಿಸಲು ಅಂತ ಊರಿಗೆ ಹೋದ ನಮ್ಮ ಗೆಳತಿಯ ಇಂಟರ್‌ವ್ಯೂ ಮುಂದಕ್ಕೆ ಹೋಗಿ, ಅವಳು ಅಲ್ಲಿ, ಮಕ್ಕಳು ಇಲ್ಲಿ. ಅವರ ಮುಂದೆ ಸಿಹಿ ಹಂಚಲು ನನಗೆ ಕೈ ಬರಲಿಲ್ಲ. ಅವರೇ ಸ್ವೀಟ್ ತಂದುಕೊಟ್ಟರು.

ಏಪ್ರಿಲ್‌ನಲ್ಲಿ ಮೂವರೂ ಶಿವಮೊಗ್ಗಕ್ಕೆ ಬರುತ್ತಿದ್ದೇವೆ. ತೀರ್ಥಹಳ್ಳಿಗೂ ಹೋಗುತ್ತೇವೆ, ತಾಲೂಕು ಕಚೇರಿಯ ಆ ಗುಮಾಸ್ತರನ್ನು ನೋಡಲೇಬೇಕು. ಇನ್ನೂ ಸಾಲಿನಲ್ಲಿರುವವರು ಯಾರಾದರೂ ಇದ್ದರೆ ಹೇಳಿ. ಹತ್ತನೇ ನಮೂನೆಗೆ ಬರೆದ ಅರ್ಜಿ, ಅಫಿಡವಿಟ್‌ನ ಮಾದರಿ, ಇಂಟರ್‌ಫೈಲ್ ಪತ್ರ, ಎಲ್ಲ ನನ್ನ ಹತ್ತಿರ ಇವೆ. ಹೆಸರು, ನಂಬರ್ ತೆಗೆದು ಕಳಿಸಿಕೊಡುತ್ತೇನೆ. ಯಾವ ಹೊತ್ತಿಗೆ ಫೋನ್ ಮಾಡಿದರೂ ಪರವಾಗಿಲ್ಲ.